ಹೂ ಮುಡಿಸುವ ಮೊದಲು

"ಹೊರಗಿನ ತಿಂಡಿ ಒಳಗೆ ಬಿಡಲ್ಲಮ್ಮ, ಬ್ಯಾಗ್ ತೆಗೀರಿ," ಎಂದಳು ಪಾರ್ಕಿನ ಗೇಟಿನಲ್ಲಿದ್ದ ಸೆಕ್ಯೂರಿಟಿ ಹೆಂಗಸು. ಅವಳ ಅಂಗಿಯ ಮೇಲಿನ ಪಟ್ಟಿಯಲ್ಲಿ ಅಸ್ಮಾ ಎಂದಿತ್ತು.

ಮುನಿಯಲ್ಲಮ್ಮ ಬ್ಯಾಗನ್ನು ಎದೆಗೆ ಅವಚಿಕೊಂಡಳು. "ತಿಂಡಿ ಏನೂ ಇಲ್ಲ ಕಣವ್ವ."

ಅಸ್ಮಾ ಆ ಮಾತನ್ನು ಕೇಳಿ ಕೇಳಿ ಸಾಕಾದವಳಂತೆ ಸುಮ್ಮನೆ ಕೈ ಚಾಚಿದಳು. ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ಬಂತು, ಕೋಡುಬಳೆ ಬಂತು, ಬಾಳೆಹಣ್ಣು ಬಂತು, ಟವೆಲ್ಲಿನಲ್ಲಿ ಸುತ್ತಿದ್ದ ಟೀ ಫ್ಲಾಸ್ಕು ಬಂತು. ಒಂದೊಂದು ಹೊರಬಂದಾಗಲೂ ಮುನಿಯಲ್ಲಮ್ಮ ಅದನ್ನು ತಾನೂ ಈಗಲೇ ಮೊದಲ ಸಲ ನೋಡುತ್ತಿರುವವಳಂತೆ ಹುಬ್ಬೇರಿಸಿದಳು. ಅವಳ ಮಗ ಮುನೀಂದ್ರ ಆಕಾಶ ನೋಡಿಕೊಂಡು ನಿಂತ. ಕೊನೆಗೆ ಬಾಳೆಲೆಯ ಒಂದು ಪೊಟ್ಟಣ ಬಂತು.

"ಇದೇನು, ಕಡುಬಾ?"

"ಅದು ತಿನ್ನಾದಲ್ಲ ಕಣವ್ವ, ಮುಡಿಯಾದು! ಬೆಳಿಗ್ಗೆ ಯಲ್ಲಮ್ಮನ ಗುಡೀಲಿ ತಾಯಿ ಪಾದಕ್ಕಿಕ್ಕಿ ತಂದಿರಾದು. ಮೆತ್ತಗೆ ಮುಟ್ಟು."

ಅಸ್ಮಾ ಬಾಳೆನಾರನ್ನು ಸ್ವಲ್ಪ ಸಡಿಲಿಸಿ ಒಳಗೆ ಇಣುಕಿದಳು. ಮಲ್ಲಿಗೆ, ಕನಕಾಂಬರ, ಕುಂಕುಮದ ಒಂದು ಚೂರು ಕಾಗದ. ಮತ್ತೆ ಕಟ್ಟಿ ಕೊಟ್ಟಳು. "ಹೂವಿಗೆ ರೂಲ್ಸ್ ಇಲ್ಲ, ತಗೊಂಡೋಗಿ. ಯಾರಿಗಮ್ಮಾ, ಇವ್ರಿಗಾ?" ಎಂದು ಹಿಂದೆ ತನ್ನ ತಾಯಿಯ ಜೊತೆ ನಿಂತಿದ್ದ ದಿವ್ಯಳ ಕಡೆ ಗದ್ದ ಎತ್ತಿ ತೋರಿಸಿದಳು.

"ನೋಡಾನ. ಆ ತಾಯಿ ನಡೆಸ್ದಂಗೆ," ಎಂದಳು ಮುನಿಯಲ್ಲಮ್ಮ.

ಪಕ್ಕದಲ್ಲಿದ್ದ ರಾಧಾಮಣಿ ಮಗಳ ಸೊಂಟವನ್ನು ಸಂತೋಷಕ್ಕೆ ಜಿಗುಟಿದಳು. ದಿವ್ಯಳಿಗೆ ನೋವಾಯಿತು.

ಹುಡುಗನ ತಾಯಿ ಹೂ ಹಿಡಿದು ಬಂದಿದ್ದಾಳೆಂದರೆ ಮುಕ್ಕಾಲು ಒಪ್ಪಿಕೊಂಡೇ ಬಂದಿದ್ದಾಳೆ ಎಂದರ್ಥ. ಅವರ ಕಡೆಯಲ್ಲಿ ಅವಳು ಹುಡುಗಿಯ ತಲೆಗೆ ಹೂ ಮುಡಿಸಿಬಿಟ್ಟರೆ ಮಾತು ಮುಗಿಯಿತು. ಆಮೇಲೆ ಗಂಡಸರು ಕೂತು ಛತ್ರ ಯಾವುದು, ತಿಂಗಳು ಯಾವುದು ಎಂದು ಮಾತಾಡುವುದಷ್ಟೇ. ಇವತ್ತು ಬರೀ ನೋಡಿ ಹೋಗುತ್ತಾರೆ, ಹೇಳಲು ಇನ್ನೂ ವೇಳೆಯಿದೆ ಎಂದುಕೊಂಡು ದಿವ್ಯ ಮನೆಯಿಂದ ಹೊರಟಿದ್ದಳು. ಈಗ ವೇಳೆಯಿರಲಿಲ್ಲ. ಆ ಪೊಟ್ಟಣ ಬಿಚ್ಚುವ ಮೊದಲು ಹೇಳಬೇಕು. ಮುನೀಂದ್ರನಿಗೆ ಒಬ್ಬನಿಗೇ ಹೇಳುವಂತಾದರೆ ಒಳ್ಳೆಯದು. ಆಗದಿದ್ದರೆ ಎಲ್ಲರೆದುರು.

ಹೇಳಬೇಕಾದದ್ದು ದೊಡ್ಡ ಕಥೆಯೇನಲ್ಲ. ಅವಳಿಗೆ ಫಿಟ್ಸ್ ಇತ್ತು. ಪಿಯುಸಿ ಓದುವಾಗ ಬಸ್ ಸ್ಟಾಪಿನಲ್ಲಿ ಮೊದಲ ಸಲ ಬಿದ್ದಿದ್ದಳು. ಯಾರೋ ಸ್ಕೂಟರಿನ ಕೀ ತಂದು ಅಂಗೈಗೆ ಒತ್ತಿ ಹಿಡಿದಿದ್ದರು; ಎಚ್ಚರವಾದಾಗ ಕೈಯಲ್ಲಿ ಕೀಯ ಹಲ್ಲಿನ ಗುರುತು ಮೂಡಿತ್ತು, ಮೂಗಿನ ಹತ್ತಿರ ಯಾರದೋ ಚಪ್ಪಲಿಯಿತ್ತು. ಆಮೇಲೆ ಆಸ್ಪತ್ರೆ, ಸ್ಕ್ಯಾನು, ಮಾತ್ರೆ. ಮೂರು ವರ್ಷದಿಂದ ಫಿಟ್ಸ್ ಬಂದಿರಲಿಲ್ಲ. ಮದುವೆಯಾಗು, ಮಕ್ಕಳೂ ಆಗಲಿ, ಮಾತ್ರೆ ಮಾತ್ರ ತಪ್ಪಿಸಬೇಡ, ಇರುವುದನ್ನು ಮನೆಯವರಿಗೆ ಹೇಳಿರು ಎಂದಿದ್ದರು ಡಾಕ್ಟರು. ಈ ಕೊನೆಯ ಮಾತನ್ನು ರಾಧಾಮಣಿ ಕೇಳಿಸಿಕೊಂಡಿರಲೇ ಇಲ್ಲ.

ಹಿಂದಿನ ವರ್ಷ ದಾಸರಹಳ್ಳಿಯ ಕಡೆಯ ಸಂಬಂಧವೊಂದು ತಾಂಬೂಲದವರೆಗೆ ಬಂದು ಮುರಿದುಬಿದ್ದಿತ್ತು. ಆ ಹುಡುಗನ ಚಿಕ್ಕಪ್ಪ ಅಬ್ಬಿಗೆರೆಯಲ್ಲಿ ದಿವ್ಯಳ ಮನೆಯ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಸಿಗರೇಟು ಕೊಳ್ಳಲು ಹೋಗಿದ್ದ. ಅಂಗಡಿಯವನು ಕೇಳದೆಯೇ ಎಲ್ಲ ಹೇಳಿದ್ದ. ಅದಕ್ಕೇ ಈ ಸಲ ಮನೆಯಲ್ಲಿ ತೋರಿಸುವುದು ಬೇಡವೆಂದು ರಾಧಾಮಣಿ ಹಟ ಹಿಡಿದಳು. ಅವಳ ತಮ್ಮ ನಾಗಭೂಷಣ ಉಪಾಯ ಹುಡುಕಿದ. ಯಲಹಂಕದಿಂದಾಚೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಹೊಸದಾಗಿ ಆಗಿರುವ 'ಗಿರಕಿ' ಎಂಬ ಆಟದ ಪಾರ್ಕು. "ಈಗೆಲ್ಲ ಹಿಂಗೇ ಅಕ್ಕ. ಹುಡ್ಗ ಹುಡ್ಗಿ ಆಟ ಆಡ್ಕೊಂಡು ಮಾತಾಡ್ಲಿ. ಬೀದಿಯವ್ರು ಅಲ್ಲಿಗೆ ಬರ್ತಾರಾ? ಹೆಂಗಸರು ಮೊದ್ಲು ನೋಡ್ಕಳಿ, ಗಂಡಸರು ಆಮೇಲೆ." ಹಾಗಾಗಿ ದಿವ್ಯಳ ಅಪ್ಪ ಲಕ್ಕಣ್ಣ ಅಬ್ಬಿಗೆರೆಯಲ್ಲಿ ಉಳಿದ, ಮುನೀಂದ್ರನ ಅಪ್ಪ ಸೊಣ್ಣಪ್ಪ ಯಲಹಂಕದಲ್ಲಿ ಉಳಿದ.

ಹಿಂದಿನ ರಾತ್ರಿ ರಾಧಾಮಣಿ ಮಗಳ ಮಾತ್ರೆಗಳನ್ನೆಲ್ಲ ಪಟ್ಟಿಯಿಂದ ಬಿಡಿಸಿ ಒಂದು ಕ್ಯಾಲ್ಸಿಯಂ ಬಾಟಲಿಗೆ ತುಂಬಿದ್ದಳು. "ಮದುವೆ ಆದ್ಮೇಲೂ ಇಂಗೇ ಇಟ್ಕ. ಯಾರಾರ ಕೇಳಿದ್ರೆ ಮೂಳೆಗೆ ಅನ್ನು." ದಿವ್ಯ ಏನೂ ಹೇಳಿರಲಿಲ್ಲ. ರಾಧಾಮಣಿ ಅದನ್ನು ಒಪ್ಪಿಗೆ ಎಂದುಕೊಂಡಿದ್ದಳು. ದಿವ್ಯ ಯೋಚಿಸುತ್ತಿದ್ದದ್ದು ಬೇರೆ. ಎಂದಾದರೂ ಒಂದು ದಿನ ಆ ಮನೆಯ ಅಡುಗೆಕೋಣೆಯಲ್ಲಿ ತಾನು ಬಿದ್ದರೆ, ಸುತ್ತ ನಿಂತವರಿಗೆ ಏನೂ ಗೊತ್ತಿರುವುದಿಲ್ಲ. ಮತ್ತೆ ಕೀ, ಮತ್ತೆ ಚಪ್ಪಲಿ.

ಒಳಗೆ ಹೋಗುತ್ತಿದ್ದಂತೆ ಮುನಿಯಲ್ಲಮ್ಮ ದಿವ್ಯಳ ಕೈ ಹಿಡಿದುಕೊಂಡಳು. ಒಂದು ಕೈಯಲ್ಲಿ ಹೂವಿನ ಬ್ಯಾಗು, ಇನ್ನೊಂದರಲ್ಲಿ ಹುಡುಗಿ. "ಜನ ಜಾಸ್ತಿ ಅವ್ರೆ ಕಣವ್ವ, ಕಳದೋಗ್ಬಿಟ್ಟೀಯ," ಎಂದಳು. ಅವಳ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಈ ಹೆಂಗಸು ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು ಎನಿಸಿತು ದಿವ್ಯಳಿಗೆ.

ನಾಗಭೂಷಣ ಮುಂದೆ ಮುಂದೆ ನಡೆದ. ಪಾರ್ಕು ತನ್ನದೇ ಎಂಬಂತೆ ಕೈ ಬೀಸಿ ತೋರಿಸುತ್ತಿದ್ದ. "ಮೊದ್ಲು ಡ್ಯಾಶಿಂಗ್ ಕಾರ್! ಇಬ್ರೂ ಒಂದೇ ಕಾರಲ್ಲಿ ಕೂತ್ಕೊಳ್ಳಿ. ಅಳಿಯಂದ್ರೇ, ನೀವು ಸ್ಟೇರಿಂಗ್."

"ಇನ್ನೂ ಅಳಿಯ ಆಗಿಲ್ಲ ಸಾರ್," ಎಂದ ಮುನೀಂದ್ರ.

"ಆಗ್ತೀರ ಬಿಡಿ ಗುರು, ಅದೇನ್ ಮಹಾ."

ಮುನೀಂದ್ರ ದಪ್ಪಗಿದ್ದ. ಆ ಪುಟ್ಟ ಕಾರಿನಲ್ಲಿ ಅವನ ಮೊಣಕಾಲು ಸ್ಟೇರಿಂಗಿಗೆ ತಾಗುತ್ತಿತ್ತು. ಕಾರು ಹೊರಟ ಕೂಡಲೇ ಮೂಲೆಗೆ ಹೋಗಿ ಸಿಕ್ಕಿಕೊಂಡಿತು. ಅವನು ಎತ್ತ ತಿರುಗಿಸಿದರೂ ಅದು ಗೋಡೆಗೇ ಒತ್ತುತ್ತಿತ್ತು. ಶಾಲೆಯ ಹುಡುಗರು ಸರದಿಯಲ್ಲಿ ಬಂದು ಗುದ್ದಿ ಹೋಗುತ್ತಿದ್ದರು.

"ನಮ್ದು ಪಿ.ಜಿ. ಇದೆ," ಎಂದ ಅವನು, ಗುದ್ದು ತಿನ್ನುತ್ತಲೇ. "ಜಮೀನಿದ್ದ ಕಡೇನೇ ಅಪ್ಪ ಕಟ್ಸಿದ್ದು. ಹೆಸ್ರಿಗೆ ಓನರ್ ಮಗ. ಮಾಡೋ ಕೆಲ್ಸ ಗೀಸರ್ ರಿಪೇರಿ. ನೀವು ಅದೇನೋ ಕಂಪ್ಯೂಟರ್ ಅಂದ್ರು."

"ಫ್ಲೆಕ್ಸ್ ಡಿಸೈನು. ಸಹಕಾರನಗರದಲ್ಲಿ ಅಂಗಡಿ."

"ಹುಟ್ಟುಹಬ್ಬದ ಫ್ಲೆಕ್ಸಾ?"

"ಹುಟ್ಟುಹಬ್ಬದ್ದೂ ಮಾಡ್ತೀವಿ, ಶ್ರದ್ಧಾಂಜಲಿದೂ ಮಾಡ್ತೀವಿ. ಎಷ್ಟೋ ಸಲ ಎರಡಕ್ಕೂ ಅದೇ ಫೋಟೋ."

ಮುನೀಂದ್ರ ಜೋರಾಗಿ ನಕ್ಕ. ನಗುವಾಗ ಅವನ ಮುಖ ಪೆದ್ದಾಗಿ, ಒಳ್ಳೆಯದಾಗಿ ಕಾಣುತ್ತಿತ್ತು. ಈಗ ಹೇಳಬೇಕು ಎಂದುಕೊಂಡಳು ದಿವ್ಯ. "ನಿಮ್ಗೊಂದು ವಿಷ್ಯ ಹೇಳ್ಬೇಕಿತ್ತು."

"ಹೇಳಿ."

"ನಂಗೆ ಚಿಕ್ಕೋಳಿದ್ದಾಗಿಂದ..."

ಹಿಂದಿನಿಂದ ಜೋರಾಗಿ ಬಂದ ಗುದ್ದಿಗೆ ಇಬ್ಬರೂ ಮುಂದಕ್ಕೆ ಜಿಗಿದರು. ನಾಗಭೂಷಣ ಇನ್ನೊಂದು ಕಾರಿನಲ್ಲಿ ಹಲ್ಲು ಕಿರಿಯುತ್ತ ಪಕ್ಕಕ್ಕೆ ಬಂದ. "ಅಳಿಯಂದ್ರೇ, ರಿವರ್ಸ್ ತಗೊಳ್ಳಿ, ರಿವರ್ಸ್! ಮನೆ ಕಾರನ್ನೂ ಹಿಂಗೇ ಓಡ್ಸೋದಾ?" ಅಷ್ಟರಲ್ಲಿ ಗಂಟೆ ಹೊಡೆಯಿತು. ಕಾರುಗಳೆಲ್ಲ ನಿಂತಲ್ಲೇ ನಿಂತವು. ಮುಂದಿನ ಸರದಿಯವರು ಒಳನುಗ್ಗಿದರು.

ಆಮೇಲೆ ಮ್ಯಾಜಿಕ್ ಶೋ. ತಗಡಿನ ದೊಡ್ಡ ಶೆಡ್ಡಿನಲ್ಲಿ ಕತ್ತಲು ಮಾಡಿ, ಬಣ್ಣದ ಲೈಟುಗಳನ್ನು ಪಟಪಟ ಮಿನುಗಿಸುತ್ತಿದ್ದರು. ಟೋಪಿಯವನೊಬ್ಬ ಹುಡುಗಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದ. ಬಾಗಿಲಲ್ಲೇ ರಾಧಾಮಣಿ ದಿವ್ಯಳ ಮಣಿಕಟ್ಟು ಹಿಡಿದು ನಿಂತುಬಿಟ್ಟಳು. "ನಂಗೆ ತಲೆ ಸಿಡೀತದೆ, ಈ ಲೈಟು ಬ್ಯಾಡ. ಬಾರೆ ದಿವ್ಯ, ಆಚೆ ಕೂತ್ಕಳಾನ."

"ನಿಮ್ಗೆ ತಲೆ ನೋವಾದ್ರೆ ನೀವ್ ಕೂತ್ಕಳಿ," ಎಂದಳು ಮುನಿಯಲ್ಲಮ್ಮ. "ಉಡ್ಗಿ ಯಾಕೆ? ಅವನು ಕೊಯ್ಯಾದಾರ ನೋಡ್ಲಿ."

"ಇಲ್ಲಕ್ಕ, ಅವ್ಳು ನನ್ ಬಿಟ್ಟು ಇರಲ್ಲ."

ಇಪ್ಪತ್ತಾರು ವರ್ಷದ ದಿವ್ಯ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಒಳಗಿನಿಂದ ಚಪ್ಪಾಳೆ ಕೇಳಿಸಿತು. "ನಾನು ಹೇಳ್ತೀನಮ್ಮ," ಎಂದಳು.

"ಏನನ್ನ?"

"ಗೊತ್ತಲ್ಲ."

ರಾಧಾಮಣಿ ಸುತ್ತ ನೋಡಿ ದನಿ ತಗ್ಗಿಸಿದಳು. "ಆ ಊವು ನಿನ್ ತಲೇಲಿ ಕೂತ್ಕಳ್ಳೋಗಂಟ ಬಾಯಿ ಬಿಟ್ಟೆ ಅಂದ್ರೆ ನೋಡು. ಆಮ್ಯಾಕೆ ಬೇಕಾದ್ರೆ ಡಂಗೂರ ಸಾರಿಸ್ಕ."

"ಆಮೇಲೆ ಹೇಳೋದಾದ್ರೆ ಯಾಕ್ ಹೇಳ್ಬೇಕು?"

"ಅದನ್ನೇ ನಾನೂ ಹೇಳ್ತಿರಾದು."

ಹನ್ನೆರಡು ದಾಟಿದ ಮೇಲೆ ಬಿಸಿಲು ಕಾಂಕ್ರೀಟಿನಿಂದ ಮೇಲಕ್ಕೆ ಬರತೊಡಗಿತು. ಐವರೂ ರೋಲರ್ ಕೋಸ್ಟರಿನ ಮುಂದೆ ನಿಂತಿದ್ದರು. ಅದಕ್ಕೆ 'ಬಿರುಗಾಳಿ' ಎಂದು ಹೆಸರಿಟ್ಟಿದ್ದರು. ಕಬ್ಬಿಣದ ಹಳಿ ತೆಂಗಿನ ಮರಗಳಿಗಿಂತ ಮೇಲೆ ಹೋಗಿ, ಒಂದು ಸುತ್ತು ತಲೆಕೆಳಗಾಗಿ, ಕೆಳಗೆ ಬೀಳುತ್ತಿತ್ತು. ಬೀಳುವಾಗಿನ ಕಿರುಚಾಟ ಕೇಳಿ ಮುನಿಯಲ್ಲಮ್ಮ "ಯವ್ವಾ" ಎಂದು ಎದೆ ಮುಟ್ಟಿಕೊಂಡಳು.

"ಬನ್ನಿ, ಇದೊಂದು ಹೋಗ್ಬರಣ," ಎಂದ ಮುನೀಂದ್ರ ದಿವ್ಯಳಿಗೆ. "ಕ್ಯೂ ಉದ್ದ ಇದೆ. ನೀವು ಏನೋ ಹೇಳ್ತಿದ್ರಲ್ಲ, ನಿಂತ್ಕೊಂಡು ಮಾತಾಡಬೋದು."

ಕ್ಯೂ ಶುರುವಾಗುವಲ್ಲಿ ಹಳದಿ ಬೋರ್ಡಿತ್ತು. ದಿವ್ಯ ಅದನ್ನು ಫ್ಲೆಕ್ಸ್ ಮಾಡುವವಳ ಕಣ್ಣಿನಿಂದ ನೋಡಿದಳು. ಜಾಗ ಸಾಲದೆಂದು ಅಕ್ಷರಗಳನ್ನು ಪಕ್ಕದಿಂದ ಅಮುಕಿದ್ದರು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಬೆನ್ನು ನೋವಿನವರು, ಮೂರ್ಛೆ ರೋಗದವರು ಈ ಆಟ ಆಡಬಾರದು. ಅವಳು ಬೋರ್ಡಿನ ಮೇಲೆ ಬೆರಳಿಟ್ಟು ಇದು ನಾನು ಎಂದರೆ ಮುಗಿಯುತ್ತಿತ್ತು. ಅವಳು ಮುನೀಂದ್ರನ ಹಿಂದೆ ಕ್ಯೂವಿನ ಕಡೆ ಹೆಜ್ಜೆ ಹಾಕಿದಳು. ಹತ್ತುವುದಿಲ್ಲ, ಕ್ಯೂವಿನಲ್ಲಿ ನಿಂತು ಹೇಳುತ್ತೇನೆ, ಹೇಳಿ ವಾಪಸು ಬರುತ್ತೇನೆ ಎಂಬುದು ಅವಳ ಲೆಕ್ಕ.

ಅದು ರಾಧಾಮಣಿಗೆ ಹೇಗೆ ಗೊತ್ತಾಗಬೇಕು? ಮಗಳು ಆ ಕಬ್ಬಿಣದ ಮೇಲೆ ಏರಿ ತಲೆಕೆಳಗಾಗಿ ಅಲ್ಲೇ ಕೈಕಾಲು ಸೆಟೆದುಕೊಳ್ಳುವುದು ಅವಳ ಕಣ್ಣಿಗೆ ಕಟ್ಟಿತು. ಮುನಿಯಲ್ಲಮ್ಮನ ಕಿವಿಗೆ ಬಾಗಿದಳು. "ಅಕ್ಕ, ಬ್ಯಾಡ ಅನ್ನಿ ಅವ್ರಿಗೆ. ಅವ್ಳು ಒರಗಾಗವ್ಳೆ."

ಮುನಿಯಲ್ಲಮ್ಮ ತಟ್ಟನೆ ಹಿಂದೆ ಸರಿದಳು. ಬ್ಯಾಗು ಎಡಗೈಯಿಂದ ಬಲಗೈಗೆ ಹೋಯಿತು, ಬಲಗೈಯಿಂದ ಎಡಗೈಗೆ ಬಂತು. ಯಾವ ಕೈಯೂ ಸರಿಯೆನಿಸಲಿಲ್ಲ. ಆ ಹುಡುಗಿಯ ಕೈ ಹಿಡಿದು ಪಾರ್ಕೆಲ್ಲ ನಡೆದದ್ದು ನೆನಪಾಗಿ ಮುಖ ಕಂದಿತು.

"ಮೊದ್ಲೇ ಏಳ್ಬಾರ್ದೇನವ್ವ? ತಾಯಿ ಪಾದದ ಊವು ಇಟ್ಕಂಡಿದ್ದೀನಿ ನಾನು! ಮುನೀಂದ್ರಾ, ಬಾರೋ ಇತ್ಲಾಗೆ. ಈ ಬ್ಯಾಗ್ ಇಡ್ಕ. ನೀನು ಅವ್ಳನ್ನ ಮುಟ್ಟಿಲ್ಲ ತಾನೆ?"

"ಏನಾಯ್ತಮ್ಮ?"

"ಏನೂ ಆಗಿಲ್ಲ. ಇಡ್ಕ ಅಂದ್ರೆ ಇಡ್ಕ."

ದಿವ್ಯಳಿಗೆ ಅಮ್ಮ ಏನು ಹೇಳಿರಬಹುದೆಂದು ತಕ್ಷಣ ಅರ್ಥವಾಯಿತು. ಮುಖಕ್ಕೆ ರಕ್ತ ನುಗ್ಗಿತು. ಅಷ್ಟು ಜನರ ನಡುವೆ, ಇಲ್ಲದ ಮುಟ್ಟಿಗೆ ಅವಳು ನಾಚಿಕೆ ಪಡಬೇಕಾಯಿತು.

ಊಟದ ಹಾಲಿನಲ್ಲಿ ಫ್ಯಾನುಗಳು ಗದ್ದಲ ಮಾಡುತ್ತಿದ್ದವು. ಗೋಡೆಯ ಮೇಲೆ ಚಮಚ ಹಿಡಿದು ನಗುವ ಆನೆಯ ಚಿತ್ರವಿತ್ತು. ನಾಗಭೂಷಣ ಟೋಕನ್ ಕೊಟ್ಟು ಎಲ್ಲರಿಗೂ ಪಲಾವು, ಮೊಸರು ಬಜ್ಜಿ, ಹಪ್ಪಳ ತಂದಿಟ್ಟ. ಮುನಿಯಲ್ಲಮ್ಮ ದಿವ್ಯಳಿಂದ ದೂರದ ಕುರ್ಚಿ ಹಿಡಿದಳು. ಹೂವಿನ ಬ್ಯಾಗನ್ನು ಮೇಜಿನ ಮೇಲಿಡಲೂ ಆಗದೆ ನೆಲದ ಮೇಲಿಡಲೂ ಆಗದೆ ಮುನೀಂದ್ರ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ತಿನ್ನುತ್ತಿದ್ದ.

"ಬೇಜಾರ್ ಮಾಡ್ಕಬ್ಯಾಡಿ," ಎಂದಳು ಮುನಿಯಲ್ಲಮ್ಮ ಕೊನೆಗೆ. ಅವಳ ದನಿ ಮೆತ್ತಗಾಗಿತ್ತು. "ಉಡ್ಗಿ ನಂಗೆ ಇಡಿಸವ್ಳೆ. ಇವತ್ತು ಆಗ್ಲಿಲ್ಲ ಅಂದ್ರೇನು? ಬರಾ ಸುಕ್ರವಾರ ನಿಮ್ಮನೇಗೇ ಬತ್ತೀವಿ, ಅಲ್ಲೇ ಮುಡಿಸ್ತೀನಿ. ಅಬ್ಬಿಗೆರೇಲಿ ನಮ್ಮ ತಂಗಿ ಬೀಗರೂ ಅವ್ರೆ, ಅವ್ರನ್ನೂ ಕರೀತೀನಿ. ನಿಮ್ ಬೀದಿ ತಿರುವ್ನಲ್ಲೇ, ಆ ಸಿಗರೇಟಂಗಡಿ ಮೇಲ್ಗಡೆ ಮನೆ."

ರಾಧಾಮಣಿಯ ಕೈಯಲ್ಲಿದ್ದ ಹಪ್ಪಳ ಮುರಿಯಿತು. ತಮ್ಮನ ಮುಖ ನೋಡಿದಳು. ನಾಗಭೂಷಣ ನೀರು ಕುಡಿಯತೊಡಗಿದ.

"ಮನೇಗ್ಯಾಕಕ್ಕ ಅಷ್ಟು ದೂರ?" ಎಂದಳು ರಾಧಾಮಣಿ. "ನಾನು ಏಳಾದ್ರಲ್ಲಿ ತಪ್ಪಾಯ್ತು. ಒರಗಾಗಿದ್ಳು. ಈಗಿಲ್ಲ. ಬೆಳಿಗ್ಗೆ ತಲೆಗೆ ನೀರಾಕ್ಕೊಂಡೇ ಬಂದವ್ಳೆ. ಊವು ಮುಡೀಬೋದು. ದೇವಸ್ಥಾನಕ್ಕೂ ಓಗ್ಬೋದು. ಇವತ್ತೇ ಮುಡಿಸ್ಬುಡಿ, ಒಳ್ಳೆ ದಿನ."

ಮುನಿಯಲ್ಲಮ್ಮ ಅಗಿಯುವುದನ್ನು ನಿಲ್ಲಿಸಿದಳು. ಯಲಹಂಕದ ಸಂತೆಯಲ್ಲಿ ಹತ್ತಾರು ವರ್ಷ ಸೊಪ್ಪು ಮಾರಿ ಆಮೇಲೆ ಪಿ.ಜಿ.ಯ ಓನರಮ್ಮ ಆದವಳು ಅವಳು. ಎದುರಿನವರು ಮಾತು ಬದಲಿಸಿದ್ದು ಅವಳಿಗೆ ಬೇಗ ತಿಳಿಯುತ್ತಿತ್ತು.

"ತಲೆಗೆ ನೀರಾಕ್ಕೊಂಡಿದ್ರೆ ಆ ಆಟ ಯಾಕ್ ಬ್ಯಾಡ ಅಂದ್ರಿ ಮತ್ತೆ?"

ರಾಧಾಮಣಿ ಮುರಿದ ಹಪ್ಪಳವನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ಆ ಮ್ಯಾಜಿಕ್ಕೂ ಬ್ಯಾಡ ಅಂದ್ರಿ. ನಿಮ್ಗೆ ತಲೆನೋವು, ಎದ್ದೋಗಿದ್ದು ಉಡ್ಗಿ."

"ಅದೂ... ಎತ್ತರ ಅಂದ್ರೆ ಭಯ ಅಮ್ಮ ಅವ್ಳಿಗೆ," ಎಂದ ನಾಗಭೂಷಣ. "ಮೊದ್ಲಿಂದಾನೂ. ನಮ್ ಮಾಳಿಗೆ ಮೆಟ್ಲೂ ಹತ್ತಲ್ಲ."

"ಮ್ಯಾಜಿಕ್ಕು ನೆಲದ ಮೇಲಿತ್ತಲ್ಲಪ್ಪ."

ಈಗ ನಾಗಭೂಷಣನೂ ತಟ್ಟೆ ನೋಡಿದ. ದಿವ್ಯ ಚಮಚ ಕೆಳಗಿಟ್ಟಳು. ಕೈ ನಡುಗುತ್ತಿತ್ತು. ಅದು ಭಯದ ನಡುಕ, ಬೇರೆ ಯಾವುದೂ ಅಲ್ಲ. ಎರಡರ ವ್ಯತ್ಯಾಸ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಭಯ ಅಲ್ಲ ಆಂಟಿ, ಮುಟ್ಟೂ ಅಲ್ಲ. ನಂಗೆ ಫಿಟ್ಸ್ ಇದೆ."

"ದಿವ್ಯಾ," ಎಂದಳು ರಾಧಾಮಣಿ.

"ಪಿಯುಸಿ ಇಂದ ಇದೆ. ಈಗ ಮೂರು ವರ್ಷದಿಂದ ಬಂದಿಲ್ಲ. ಬೆಳಿಗ್ಗೆ ರಾತ್ರಿ ಮಾತ್ರೆ ತಗೋತೀನಿ, ಪ್ರಾಯಶಃ ಕೊನೇವರೆಗೂ ತಗೋಬೇಕು. ಮದುವೆ ಆಗ್ಬೋದು ಅಂದಿದ್ದಾರೆ. ಆದ್ರೆ ನಿಮ್ಗೆ ಗೊತ್ತಿರ್ಬೇಕು. ಅಷ್ಟೇ."

ಹಾಲಿನ ಆ ತುದಿಯಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಮುನಿಯಲ್ಲಮ್ಮ ಅತ್ತ ನೋಡಿದಳು, ಮತ್ತೆ ದಿವ್ಯಳನ್ನು ನೋಡಿದಳು. ಮೊದಲು ಅವಳ ಮುಖ, ಆಮೇಲೆ ಕೈ.

"ಮಕ್ಕಳಿಗೂ ಬತ್ತದಾ?"

"ಬರ್ಲೇಬೇಕು ಅಂತೇನಿಲ್ಲ ಅಂದಿದ್ದಾರೆ ಡಾಕ್ಟ್ರು. ಬರೋದೇ ಇಲ್ಲ ಅಂತ ನಾನ್ ಹೇಳಲ್ಲ."

"ಊಂ," ಎಂದಳು ಮುನಿಯಲ್ಲಮ್ಮ. ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಮಗನ ತೊಡೆಯ ಮೇಲಿದ್ದ ಬ್ಯಾಗು ಎತ್ತಿಕೊಂಡಳು. ಅವಳ ಸಿಟ್ಟು ಹುಡುಗಿಯನ್ನು ಬಿಟ್ಟು ರಾಧಾಮಣಿಯ ಕಡೆ ತಿರುಗಿತು. "ಕಾಯ್ಲೆ ಮುಚ್ಚಿಟ್ಟೆ, ಸರಿ ಕಣವ್ವ. ಎಣ್ ಎತ್ತೋಳು, ಮುಚ್ಚಿಡ್ತೀಯ. ತಾಯಿ ಊವಿನ ಮುಂದೆ ನಿಂತ್ಕಂಡು ಮುಟ್ಟಿನ ಸುಳ್ಳು ಯಾಕೇಳ್ದೆ? ಆ ಬೋರ್ಡಿನಿಂದ ಇಲ್ಲೀಗಂಟ ತಪ್ಪಾಯ್ತು ತಾಯಿ, ತಪ್ಪಾಯ್ತು ತಾಯಿ ಅಂತ ಮನಸ್ನಾಗೆ ಗಲ್ಲ ಬಡ್ಕಂಡು ಬಂದಿದ್ದೀನಿ. ಯಾರ್ ತಪ್ಪಿಗೆ ಯಾರು ಬಡ್ಕಳಾದು?"

"ಅಕ್ಕ, ಕೂತ್ಕಳಿ, ಒಂದ್ ಮಾತು..."

"ಮುನೀಂದ್ರಾ, ಗಾಡಿ ತೆಗಿ." ಅವಳು ಹೊರಟೇಬಿಟ್ಟಳು. ನಾಗಭೂಷಣ ಕೈ ತೊಳೆಯದೆ ಅವಳ ಹಿಂದೆ ಓಡಿದ. "ಅಮ್ಮ, ಅಮ್ಮಾ, ಒಂದ್ನಿಮಿಷ!"

ಮುನೀಂದ್ರ ಎದ್ದವನು ನಿಂತೇ ಇದ್ದ. "ಮೊದ್ಲೇ ಹೇಳಬೋದಿತ್ತು," ಎಂದ.

"ಡ್ಯಾಶಿಂಗ್ ಕಾರಲ್ಲಿ ಹೇಳಕ್ ಹೊರಟಿದ್ದೆ. ನಮ್ ಮಾಮ ಗುದ್ದಿದ್ರು."

ಅವನಿಗೆ ನಗು ಬಂತು. ನಗಬಾರದೆಂದು ತುಟಿ ಬಿಗಿಹಿಡಿದ. ಕುರ್ಚಿಯನ್ನು ಮೇಜಿನ ಕೆಳಕ್ಕೆ ಸರಿಸಿದ. "ಬಂದಾಗ ಏನ್ ಮಾಡ್ಬೇಕು?"

"ಪಕ್ಕಕ್ಕೆ ಹೊರಳ್ಸಿ ಮಲಗಿಸ್ಬೇಕು. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡ್ಬೇಕು. ಕೈಕಾಲು ಅದುಮಿ ಹಿಡೀಬಾರ್ದು. ಬಾಯಿಗೆ ಏನೂ ಹಾಕ್ಬಾರ್ದು. ಐದು ನಿಮಿಷ ದಾಟಿದ್ರೆ ಆಸ್ಪತ್ರೆ."

"ಕೀ?"

"ಕೀ ಯಾತಕ್ಕೂ ಬರಲ್ಲ."

"ನಮ್ ಪಿ.ಜಿ.ಲಿ ಒಬ್ನಿಗೆ ಬಂದಿತ್ತು. ನಾನೇ ಗೇಟಿನ ಕೀ ಹಿಡಿಸ್ದೆ. ಬಾಯಿಗೆ ಚಮಚ ತುರುಕ್ದೆ. ಹಲ್ಲು ಮುರೀತು ಅವ್ನಿಗೆ." ಹೊರಗಿನಿಂದ ತಾಯಿಯ ಕೂಗು ಕೇಳಿಸಿತು. ಅವನು ಬಾಗಿಲ ಕಡೆ ನೋಡಿದ. "ಬರ್ತೀನಿ," ಎಂದು ಹೇಳಿ ಹೋದ. ಫೋನು ಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಎನ್ನಲಿಲ್ಲ. ಬಾಗಿಲ ಬಳಿ ತಿರುಗಿಯೂ ನೋಡಲಿಲ್ಲ.

ದಿವ್ಯ ಚಮಚ ಎತ್ತಿಕೊಂಡು ಪಲಾವು ತಿನ್ನತೊಡಗಿದಳು. ಆರಿತ್ತು, ಉಪ್ಪು ಜಾಸ್ತಿಯಿತ್ತು.

"ತಿನ್ನಾಕೆ ಎಂಗ್ ಮನಸ್ ಬತ್ತದೆ ನಿಂಗೆ?" ಎಂದಳು ರಾಧಾಮಣಿ.

"ಹಸಿವಾಗಿದೆ."

"ನಿನ್ ಬಾಯಿಗೆ ಮಣ್ಣಾಕ! ಇನ್ನು ಯಾವನ್ ಬತ್ತಾನೆ ನಿನ್ ಮನೆ ಬಾಗ್ಲಿಗೆ? ಅವ್ಳು ಯಲಹಂಕ ತುಂಬಾ ಏಳ್ಕಂಡ್ ಬತ್ತಾಳೆ. ಅಲ್ಲಿಂದ ಅಬ್ಬಿಗೆರೆಗೆ ಎಷ್ಟೊತ್ತು? ನಿಮ್ಮಪ್ಪನ್ ಮುಂದೆ ಏನಂತ ಏಳ್ಲಿ ನಾನು?"

"ನಡೆದಿದ್ದು ಹೇಳು."

ತಟ್ಟೆ ಖಾಲಿ ಮಾಡಿ, ಕೈ ತೊಳೆದು, ದಿವ್ಯ ಹೊರಗೆ ನಡೆದಳು. ಗೇಟಿನ ಕಡೆ ಹೋಗಲಿಲ್ಲ. ಕೈಗೆ ಕಟ್ಟಿದ ಪಾಸು ಸಂಜೆಯವರೆಗೆ ಇತ್ತು; ಇವತ್ತು ಒಂದು ಆಟವನ್ನೂ ಅವಳು ತನ್ನ ಇಷ್ಟಕ್ಕೆ ಆಡಿರಲಿಲ್ಲ. ರಾಧಾಮಣಿ ಹತ್ತು ಮಾರು ಹಿಂದೆ ಬಯ್ಯುತ್ತಲೇ ಬಂದಳು. ಬೈಗುಳ ಅವಳ ತವರಿನವರನ್ನು, ಗಂಡನನ್ನು, ಡಾಕ್ಟರನ್ನು, ಕೊನೆಗೆ ಪಾರ್ಕನ್ನೂ ಸುತ್ತಿ ಬಂತು. ಐಸ್‌ಕ್ರೀಮಿನ ಅಂಗಡಿ ದಾಟಿದ ಮೇಲೆ ದೊಡ್ಡ ಅಲೆಯ ಕೊಳ ಸಿಕ್ಕಿತು. ನೀಲಿ ಬಣ್ಣ ಬಳಿದ ಇಳಿಜಾರಿನ ಕಾಂಕ್ರೀಟು, ಆ ತುದಿಯ ಗೋಡೆಯ ಹಿಂದೆ ಅಲೆ ಎಬ್ಬಿಸುವ ಯಂತ್ರ. ಒಳಗೆ ಜನ ಬಟಾಣಿಯ ಹಾಗೆ ತುಂಬಿದ್ದರು. ಈಜುವ ಬಟ್ಟೆ ಹಾಕದವರು ಅಂಚಿನಲ್ಲಿ, ಕೆಂಪು ಹಗ್ಗದ ಈಚೆ, ಬರೀ ಕಾಲು ನೆನೆಸಿಕೊಳ್ಳಬಹುದಿತ್ತು.

ದಿವ್ಯ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮಡಚಿ, ಇಳಿಜಾರಿನಲ್ಲಿ ಇಳಿದಳು. ನೀರು ತಣ್ಣಗಿತ್ತು, ಕ್ಲೋರಿನ್ನಿನ ವಾಸನೆಯಿತ್ತು. ಪಿಯುಸಿಯ ನಂತರ ಅವಳು ಬಕೆಟಿನ ನೀರು ಬಿಟ್ಟು ಬೇರೆ ನೀರಿಗೆ ಇಳಿದಿರಲಿಲ್ಲ. ಬಚ್ಚಲಿನ ಬಾಗಿಲಿಗೂ ಚಿಲಕ ಹಾಕಿರಲಿಲ್ಲ. ಒಬ್ಬಳೇ ನೀರಿಗೆ ಇಳಿಯಬಾರದು, ಇಳಿದರೆ ಪಕ್ಕದಲ್ಲಿ ಗೊತ್ತಿರುವವರು ಯಾರಾದರೂ ಇರಬೇಕು ಎಂದಿದ್ದರು ಡಾಕ್ಟರು. ಆದರೆ ಯಾರಿಗೂ ಗೊತ್ತಾಗಬಾರದು ಎಂಬುದು ಅಮ್ಮನ ಹಟ. ಹಾಗಾಗಿ ನೀರೇ ಬೇಡವಾಗಿತ್ತು.

"ಏಯ್, ಆಚೆ ಬಾರೇ!" ರಾಧಾಮಣಿ ಅಂಚಿನಲ್ಲಿ ನಿಂತು ಕೂಗಿದಳು. "ದಿವ್ಯಾ!"

ಸೈರನ್ನು ಮೊಳಗಿತು. ಕೊಳದ ತುಂಬ ಹೋ ಎಂಬ ಕೂಗೆದ್ದಿತು. ಹಗ್ಗದ ಆಚೆ ಗಂಡಸರು, ಹುಡುಗರು ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತರು. ದೂರದ ಗೋಡೆಯ ಬುಡದಲ್ಲಿ ನೀರು ಒಮ್ಮೆ ಉಬ್ಬಿ ಕೆಳಗಿಳಿಯಿತು. ದಿವ್ಯ ಹಗ್ಗದವರೆಗೆ ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ರಾಧಾಮಣಿ ಅತ್ತಿತ್ತ ನೋಡಿದಳು. ಕೊಳದ ಪಕ್ಕದ ಎತ್ತರದ ಕುರ್ಚಿಯಲ್ಲಿ ಹಳದಿ ಬನಿಯನ್ನಿನ ಕಾವಲಿನವನೊಬ್ಬ ಕೂತಿದ್ದ. ಅವಳು ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಅವನತ್ತ ಓಡಿದಳು. ಆ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವನು ಕಿವಿಗೆ ಕೈ ಹಿಡಿದು ಬಾಗಿದ.

"ಫಿಟ್ಸ್ ಐತೆ ಕಣಪ್ಪಾ!" ರಾಧಾಮಣಿ ಗಂಟಲು ಹರಿಯುವಂತೆ ಕಿರುಚಿದಳು. "ಅವ್ಳಿಗೆ! ನನ್ ಮಗ್ಳಿಗೆ! ಫಿಟ್ಸ್ ಐತೆ, ನೀರಲ್ಲವ್ಳೆ, ನೋಡ್ಕಳಪ್ಪಾ!"

ಅಂಚಿನಲ್ಲಿ ಕಾಲು ನೆನೆಸಿಕೊಂಡು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಯಾರಮ್ಮ, ಎಲ್ಲಿದ್ದಾರೆ?" ಎಂದ ಕಾವಲಿನವನು.

"ಆ ಅಸ್ರು ಚೂಡಿದಾರ!"

ಅವನು ಕುರ್ಚಿಯಿಂದ ಕೆಳಗೆ ಜಿಗಿದ. "ಮಜೀದ್ ಭಾಯ್, ಏನಾಯ್ತು?" ಎಂದು ಆಚೆಯಿಂದ ಇನ್ನೊಬ್ಬ ಕೂಗಿದ್ದಕ್ಕೆ ಏನಿಲ್ಲ ಎಂದು ಕೈ ಮಾಡಿ, ನೀರಿನಲ್ಲಿ ನಡೆದು ಬಂದು, ದಿವ್ಯಳಿಂದ ಎರಡು ತೋಳು ದೂರದಲ್ಲಿ ನಿಂತ. ಅವಳನ್ನು ನೋಡಲಿಲ್ಲ. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಎಲ್ಲರ ತಲೆಗಳ ಮೇಲಿಂದ ಆ ಗೋಡೆಯ ಕಡೆ ನೋಡುತ್ತಿದ್ದ.

ಮೊದಲ ಅಲೆ ಬಂದು ಅವಳ ಮೊಣಕಾಲಿಗೆ ಬಡಿಯಿತು. ಮಡಚಿದ್ದ ಪ್ಯಾಂಟು ತೊಯ್ದು ಕಾಲಿಗೆ ಅಂಟಿತು. ನೀರು ಹಿಂದಕ್ಕೆ ಹೋಗುವಾಗ ಅಂಗಾಲು ಕಾಂಕ್ರೀಟಿನ ಮೇಲೆ ಒಂದಿಷ್ಟು ಜಾರಿತು. ದಿವ್ಯ ಕಾಲುಗಳನ್ನು ಇನ್ನಷ್ಟು ಅಗಲಿಸಿ ನಿಂತಳು.